ಇಫ್ ಕಲಿಸಲು ಬ್ಲಾಕ್ಲಿಯಾ, ಸ್ಕ್ರ್ಯಾಚಾ, ಮೈಕ್ರೋಬಿಟ್ಟಾ? ಒಂದು ರಜೆಯ ಪ್ರಯೋಗ

ಏಪ್ರಿಲ್ ರಜೆಗೆ ಅಕ್ಕನ ಮಗಳು ಮಂಗಳೂರಿನಿಂದ ಉಡುಪಿಗೆ, ನಮ್ಮ ಮನೆಗೆ ಬಂದಿದ್ದಳು. ಅವಳದ್ದು ಐದನೇ ಕ್ಲಾಸು, ನನ್ನ ಮಗನದ್ದು ಮೂರನೇದು. ಮಧ್ಯಾಹ್ನದ ಸೆಕೆಗೆ ಹೊರಗೆ ಬಿಡುವ ಹಾಗಿಲ್ಲ, ಟಿವಿ ಹಾಕಿದರೆ ಮತ್ತೆ ಆರಿಸಲಿಕ್ಕೆ ಜಗಳ. ಹಾಗಾಗಿ ದಿನಕ್ಕೆ ಒಂದು ಗಂಟೆ, ಕೋಡ್ ಟೈಪ್ ಮಾಡದೆ ಪರದೆ ಮೇಲೆ ಆಜ್ಞೆಗಳ ಬ್ಲಾಕ್ ಜೋಡಿಸುವ ಪ್ರೋಗ್ರಾಮಿಂಗ್ ಅಂತ ಶುರು ಮಾಡಿದೆ. ಹೆಚ್ಚೇನೂ ಆಸೆ ಇರಲಿಲ್ಲ. ‘ಹೀಗಾದರೆ ಹಾಗೆ ಮಾಡು’ ಅನ್ನುವ ‘ಇಫ್’ ಅಂದರೆ ಎಂತ ಅಂತ ಇಬ್ಬರಿಗೂ ಸರಿಯಾಗಿ ಗೊತ್ತಾದರೆ ಸಾಕಿತ್ತು.

ಮೂರನ್ನು ನೋಡಿದೆವು: ಬ್ರೌಸರಿನಲ್ಲಿ ಓಡುವ ಬ್ಲಾಕ್ಲಿ ಗೇಮ್ಸ್ ಮತ್ತು ಸ್ಕ್ರ್ಯಾಚ್, ಮತ್ತೆ ಮೈಕ್ರೋಬಿಟ್ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡು. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸ್ಕ್ರ್ಯಾಚ್‌ಗೆ. ಮಕ್ಕಳು ಚೆನ್ನಾಗಿ ಎಡವಿ ಬಿದ್ದದ್ದು ಅಲ್ಲೇ, ಅದಕ್ಕೆ.

ಸ್ಕ್ರ್ಯಾಚ್ ಜೂನಿಯರ್ ಅಂತಲೂ ಒಂದು ಉಂಟು, ಐದರಿಂದ ಏಳು ವರ್ಷದವರಿಗೆ. ಅದರಲ್ಲಿ ಇಫ್ ಬ್ಲಾಕೇ ಇಲ್ಲ, ಹಾಗಾಗಿ ಬಿಟ್ಟೆವು.

ಶುರು ಮಾಡಿದ್ದು ಬ್ಲಾಕ್ಲಿ ಗೇಮ್ಸ್‌ನ ಮೇಜ್ ಆಟದಿಂದ, ಅಂದರೆ ಗೊಂಬೆಯನ್ನು ಸುತ್ತುಬಳಸಿನ ದಾರಿಯಲ್ಲಿ ಗುರಿ ಮುಟ್ಟಿಸುವ ಆಟ. ಪುಕ್ಕಟೆ, ಲಾಗಿನ್ ಬೇಡ, ಒಟ್ಟು 10 ಹಂತ. ಮೊದಲು ಮುಂದೆ ಹೋಗು, ತಿರುಗು, ಆಮೇಲೆ ರಿಪೀಟ್, ಆರನೇ ಹಂತಕ್ಕೆ ‘ಎಡಕ್ಕೆ ದಾರಿ ಇದ್ದರೆ’ ಅನ್ನುವ ಇಫ್ ಬರುತ್ತದೆ, ಒಂಬತ್ತರಲ್ಲಿ ಎಲ್ಸ್, ಅಂದರೆ ‘ಇಲ್ಲದಿದ್ದರೆ’. ಓಡುವಾಗ ಯಾವ ಬ್ಲಾಕ್ ಕೆಲಸ ಮಾಡುತ್ತಿದೆಯೋ ಅದು ಹೊಳೆಯುತ್ತದೆ, ಮಕ್ಕಳಿಗೆ ಅದು ತುಂಬಾ ಸಹಾಯ. ಎಡ ಅಂದರೆ ಆ ಗೊಂಬೆಯ ಎಡ, ನಮ್ಮದಲ್ಲ. ಹಾಗಾಗಿ ನನ್ನ ಮಗ ಪ್ರತಿ ತಿರುವಿಗೂ ಕುರ್ಚಿಯಲ್ಲೇ ಗರಗರ ತಿರುಗಿ, ಕೈ ಎತ್ತಿ ನೋಡಿಕೊಂಡು, ಆಮೇಲೆ ಬ್ಲಾಕ್ ಹಾಕುತ್ತಿದ್ದ. ಎರಡೇ ದಿನದಲ್ಲಿ ಒಂಬತ್ತು ಹಂತ ಮುಗಿಯಿತು. ನನಗೂ ಖುಷಿ. ಆದರೆ ಇಲ್ಲಿ ಕೊಡುವ ಬ್ಲಾಕುಗಳೇ ನಾಲ್ಕೈದು. ಅದನ್ನು ಇದರೊಳಗೆ, ಇದನ್ನು ಅದರೊಳಗೆ ಸಿಕ್ಕಿಸಿ ನೋಡಿದರೆ ಯಾವುದಾದರೂ ಒಂದು ಸರಿಯಾಗುತ್ತದೆ. ಮೇಲಾಗಿ ಇಫ್ ಯಾವಾಗಲೂ ರಿಪೀಟ್ ಒಳಗೇ ಕೂತಿರುತ್ತದೆ. ಅವರಿಗೆ ಏನು ಗೊತ್ತಾಗಲಿಲ್ಲ ಅನ್ನುವುದು ನನಗೆ ಗೊತ್ತಾಗಲೇ ಇಲ್ಲ.

ಅದು ಗೊತ್ತಾದದ್ದು ಸ್ಕ್ರ್ಯಾಚ್‌ಗೆ ಬಂದಾಗ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಿಂದ ಬಂದ ಇದರಲ್ಲಿ ಹಂತ ಗಿಂತ ಇಲ್ಲ, ಖಾಲಿ ವೇದಿಕೆ, ಬೇಕಾದ್ದು ಮಾಡಿ. ಅಕ್ಕನ ಮಗಳು ಒಂದು ಮೀನು ಹಾಕಿದಳು, ಒಂದು ಶಾರ್ಕ್ ಹಾಕಿದಳು. ಶಾರ್ಕ್ ಮುಟ್ಟಿದರೆ ಔಟ್. ಹಸಿರು ಬಾವುಟದ ಬ್ಲಾಕ್, ಕೆಳಗೆ ಇಫ್, ಅದರ ಆರು ಮೂಲೆಯ ಗುಳಿಗೆ ‘ಟಚಿಂಗ್ ಶಾರ್ಕ್’. ನೋಡಲಿಕ್ಕೆ ಎಲ್ಲ ಸರಿ. ಬಾವುಟ ಒತ್ತಿದಳು, ಮೀನನ್ನು ಶಾರ್ಕಿನ ಬಾಯಿಗೇ ತೆಗೆದುಕೊಂಡು ಹೋಗಿ ನಿಲ್ಲಿಸಿದಳು. ಏನೂ ಆಗಲಿಲ್ಲ. “ಎಂತ ಮಾಮ ಇದು, ಕುರುಡು ಶಾರ್ಕಾ?”

ಬಾವುಟ ಒತ್ತಿದ ಕ್ಷಣ ಕಂಪ್ಯೂಟರ್ ಒಂದೇ ಒಂದು ಸಲ ನೋಡಿದೆ. ಮುಟ್ಟಿಲ್ಲ. ಪ್ರೋಗ್ರಾಂ ಮುಗಿಯಿತು. ಇಫ್ ಅನ್ನು, ಒಳಗಿನದನ್ನು ಮತ್ತೆ ಮತ್ತೆ ಮಾಡುತ್ತಲೇ ಇರುವ ಫಾರೆವರ್ ಬ್ಲಾಕಿನ ಒಳಗೆ ಹಾಕಬೇಕು. ಈ ತಪ್ಪು ಎಲ್ಲ ಕಡೆಯ ಮಕ್ಕಳೂ ಮಾಡುವಂಥದ್ದೇ. ಆದರೆ ಕನ್ನಡದಲ್ಲಿ ಯೋಚಿಸುವವರಿಗೆ ಇದು ತಪ್ಪು ಅಂತ ಕಾಣುವುದೇ ಕಷ್ಟ ಅಂತ ನನಗೆ ಅನ್ನಿಸಿತು. ‘ಅಮ್ಮ ಬಂದರೆ ಹೇಳು’ ಅಂತ ಮಗನನ್ನು ಜಗಲಿಯಲ್ಲಿ ಕೂರಿಸಿದರೆ ಅವನು ಗೇಟನ್ನು ಒಮ್ಮೆ ನೋಡಿ, ಅಮ್ಮ ಇಲ್ಲ, ನನ್ನ ಕೆಲಸ ಆಯಿತು ಅಂತ ಎದ್ದು ಹೋಗುವುದಿಲ್ಲ ಅಲ್ವಾ? ಕಾಯುತ್ತಾನೆ. ನಮ್ಮ ‘ಬಂದರೆ’ಯ ಒಳಗೆ ಕಾಯುವುದೂ ಸೇರಿದೆ. ಸ್ಕ್ರ್ಯಾಚಿನ ಇಫ್‌ಗೆ ಕಾಯುವ ತಾಳ್ಮೆ ಇಲ್ಲ.

ಅದನ್ನೇ ಆಟ ಮಾಡಿದೆವು. ಮಗ ಬಾಗಿಲ ಹತ್ತಿರ ಕಂಪ್ಯೂಟರ್, ಅಕ್ಕನ ಮಗಳು ಬಂದರೆ ಹೇಳಬೇಕು. ಒಮ್ಮೆ ಹಣಕಿ ನೋಡಿದ, ಅವಳು ಕಾಣಲಿಲ್ಲ, ಸೀದಾ ಒಳಗೆ ಹೋಗಿ ಮಲಗಿಬಿಟ್ಟ. ಇವಳು ಅವನೆದುರೇ ಹತ್ತು ಸಲ ಓಡಾಡಿದರೂ ಕಣ್ಣು ಬಿಡಲಿಲ್ಲ. ಫಾರೆವರ್ ಯಾಕೆ ಬೇಕು ಅಂತ ಮತ್ತೆ ಹೇಳಬೇಕಾಗಲಿಲ್ಲ.

ಮಾರನೇ ದಿನ ಸ್ಕ್ರ್ಯಾಚಿನಲ್ಲೇ ಮಳೆ ರಜೆಯ ಪ್ರೋಗ್ರಾಂ: ಮಳೆ ಎಷ್ಟು ಅಂತ ಕೊಟ್ಟರೆ ಪರದೆಯ ಬೆಕ್ಕು ಅದು ಎಂಥ ಮಳೆ ಅಂತ ಹೇಳಬೇಕು. ನಮ್ಮ ಕರಾವಳಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇಫ್ ಇಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಆದರೆ ಭಾರೀ ಮಳೆ, 115.6 ಆದರೆ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲಿನದು. ಮೂರಕ್ಕೆ ಮೂರು ಬೇರೆ ಬೇರೆ ಇಫ್ ಹಾಕಿದರು. 250 ಅಂತ ಕೊಟ್ಟರೆ ಬೆಕ್ಕು ಎರಡೆರಡು ಸೆಕೆಂಡಿಗೆ ಮೂರನ್ನೂ ಹೇಳಿತು. 250 ಅನ್ನುವುದು 64.5ಕ್ಕಿಂತಲೂ ದೊಡ್ಡದೇ ತಾನೇ! ಎಲ್ಸ್ ಒಳಗೆ ಇನ್ನೊಂದು ಇಫ್ ತುರುಕಬೇಕು. ಸ್ಕ್ರ್ಯಾಚಿನಲ್ಲಿ ‘ಅದಲ್ಲದಿದ್ದರೆ, ಇದಾದರೆ’ ಅನ್ನುವ ಎಲ್ಸ್-ಇಫ್ ಬ್ಲಾಕ್ ಇಲ್ಲ, ಒಳಗೆ ಒಳಗೆ ಹೋಗಿ ಬ್ಲಾಕ್ ಉದ್ದುದ್ದ ಆಗುತ್ತದೆ. ಇದು ನನಗೆ ಇಷ್ಟವಾಗಲಿಲ್ಲ.

ಮೈಕ್ರೋಬಿಟ್‌ಗೆ ಬ್ಲಾಕ್ ಜೋಡಿಸುವ ಮೇಕ್‌ಕೋಡ್ ಅನ್ನುವ ಪುಟದಲ್ಲಿ ಈ ತಲೆಬಿಸಿ ಇಲ್ಲ, ಇಫ್ ಬ್ಲಾಕಿನ ಕೆಳಗಿನ ಪ್ಲಸ್ ಒತ್ತಿದರೆ ಆಯಿತು. ಫಾರೆವರ್ ಕೂಡ ತೆರೆಯುವಾಗಲೇ ಪರದೆ ಮೇಲೆ ಇರುತ್ತದೆ. ಅನುಕೂಲ ಹೌದು, ಆದರೆ ಮೊದಲು ಇದನ್ನೇ ಕಲಿಸಿದ್ದರೆ ಶಾರ್ಕಿನ ಪಾಠ ತಪ್ಪಿಹೋಗುತ್ತಿತ್ತು. ಬೋರ್ಡಿಗೆ ದುಡ್ಡು ಬೇಕು. ಇಲ್ಲದಿದ್ದರೂ ಬ್ರೌಸರಿನಲ್ಲೇ ಅದರ ಚಿತ್ರದ ಮೇಲೆ ಓಡಿಸಿ ನೋಡಬಹುದು.

ಬೋರ್ಡಿನ ಮಜಾ ಬೇರೆಯೇ ಬಿಡಿ. ಉಷ್ಣತೆ 30 ದಾಟಿದರೆ 25 ಪುಟ್ಟ ದೀಪಗಳಲ್ಲಿ ಅಳುವ ಮುಖ, ಇಲ್ಲದಿದ್ದರೆ ನಗು. ಏಪ್ರಿಲ್ ತಿಂಗಳ ಉಡುಪಿ, ಸಾಲದ್ದಕ್ಕೆ ಅದು ಅಳೆಯುವುದು ಬೋರ್ಡಿನ ಮೇಲಿನ ಚಿಪ್‌ನ ಬಿಸಿಯನ್ನು, ಕೋಣೆಗಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಅಳುವೇ ಅಳು. “ಎಲ್ಸ್ ಕೆಲಸ ಮಾಡ್ತದಾ ಇಲ್ವಾ ಅಂತ ಹೇಗೆ ಗೊತ್ತಾಗ್ತದೆ ಮಾಮ?” ಒಳ್ಳೆಯ ಪ್ರಶ್ನೆ. ಬ್ಯಾಟರಿ ಸಮೇತ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆ ಪಕ್ಕ ಇಟ್ಟರು. ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ನೋಡಿ ಹೆಂಡತಿಯಿಂದ ಬೈಸಿಕೊಂಡರು. ಕೊನೆಗೂ ಕತ್ತಲೆಯಲ್ಲಿ ಕೆಂಪಗೆ ನಕ್ಕಿತು.

ಆಮೇಲೆ 35 ದಾಟಿದರೆ ತಲೆಬುರುಡೆ ಬರಲಿ ಅಂತ ಕೊನೆಗೆ ಸೇರಿಸಿದರು. ಪರದೆಯ ಥರ್ಮಾಮೀಟರನ್ನು 40ಕ್ಕೆ ಎಳೆದರೂ ಅಳುವ ಮುಖವೇ. 30ರ ಪ್ರಶ್ನೆಗೇ ಹೌದು ಅಂತ ಉತ್ತರ ಸಿಕ್ಕಿದ ಮೇಲೆ 35ರವರೆಗೆ ಅದು ಬರುವುದೇ ಇಲ್ಲ. ಅಕ್ಕನ ಮಗಳು ಎರಡನ್ನೂ ಅದಲು ಬದಲು ಮಾಡಿದ್ದು ತಾನಾಗಿಯೇ. ನಾನು ಸುಮ್ನೆ ಕೂತಿದ್ದೆ.

ಮೇಜ್‌ನ ಹತ್ತನೇ ಹಂತ ಮಾತ್ರ ಮಗನಿಗೆ ಇನ್ನೂ ಬಗ್ಗಿಲ್ಲ. ಎಡಗಡೆಯ ಗೋಡೆ ಹಿಡಿದು ಹೋಗಿ ಅಂತ ಆಟವೇ ಸುಳಿವು ಕೊಡುತ್ತದೆ. ಹೇಳಿಕೊಡಲಾ ಅಂತ ಕೇಳಿದರೆ ಬೇಡ ಅಂತಾನೆ, ಕುರ್ಚಿಯಲ್ಲಿ ತಿರುಗುತ್ತಾ.