ಮಳೆಗಾಲಕ್ಕೆ ಮಕ್ಕಳ ಶೂ, ಬಟ್ಟೆ: ಯಾವುದಕ್ಕೆ ಹೆಚ್ಚು ದುಡ್ಡು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಾಗಲಿ, ಘಟ್ಟದ ಮೇಲಿನ ಶಿರಸಿಯಲ್ಲಾಗಲಿ ದುಬಾರಿ ಚರ್ಮದ ಶೂ ದಂಡ. ಒದ್ದೆಯಾದದ್ದು ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಶಾಲೆ ಒಪ್ಪಿದರೆ ಆ ನಾಲ್ಕು ತಿಂಗಳಿಗೆ ಹಿಮ್ಮಡಿ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ ಸಾಕು.

ಹೆಚ್ಚು ದುಡ್ಡು ಹಾಕಬೇಕಾದ್ದು ಅಕ್ಟೋಬರ್ ನಂತರದ ಶೂಗೆ, ದಿನಕ್ಕೆ ಏಳೆಂಟು ತಾಸು ಕಾಲಲ್ಲಿರುವುದು ಅದೇ. ಹಿಮ್ಮಡಿಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕುಸಿಯಬಾರದು. ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ವಾಪಸ್ ಇಡಿ. ಬರೀ ಅಂಟಿನ ಅಟ್ಟೆ ನೀರು ಕುಡಿದು ಬೇಗ ಬಾಯಿ ಬಿಡುತ್ತದೆ, ಅಂಚಿಗೆ ಹೊಲಿಗೆ ಇದ್ದರೆ ಒಳ್ಳೆಯದು. ಪಿಯು (ಪಾಲಿಯುರೆಥೇನ್ ಎಂಬ ಒಂದು ಬಗೆಯ ಪ್ಲಾಸ್ಟಿಕ್) ಅಟ್ಟೆ ಹಗುರ, ಆದರೆ ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಬಳಸದೆ ಇಟ್ಟರೆ ಪುಡಿಪುಡಿಯಾಗುತ್ತದೆ. ಅಣ್ಣನ ಶೂ ತಮ್ಮನಿಗೆಂದು ಎತ್ತಿಡುವ ಲೆಕ್ಕ ಕೈಕೊಡುವುದು ಇಲ್ಲೇ.

ಅಳತೆ ಸಂಜೆ ನೋಡಿ, ಸಾಕ್ಸ್ ಹಾಕಿಸಿ, ಮಗುವನ್ನು ನಿಲ್ಲಿಸಿ. ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಬೇಕು. ಎರಡು ಸೈಜ್ ದೊಡ್ಡದು ತಂದು ಮುಂದೆ ಹತ್ತಿ ತುರುಕಿದರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ. ಮದುವೆ-ಮುಂಜಿಗೆಂದೇ ಕೊಳ್ಳುವ ಮಿಂಚುವ ಶೂ ಮಾತ್ರ ಅಗ್ಗದ್ದೇ ಇರಲಿ, ನಾಲ್ಕು ಸಲ ಹಾಕುವಷ್ಟರಲ್ಲಿ ಕಾಲು ಬೆಳೆದಿರುತ್ತದೆ.

ಬನಿಯನ್, ಚಡ್ಡಿಗೆ ಬ್ರ್ಯಾಂಡ್ ಬೇಡ, ಸಂಖ್ಯೆ ಬೇಕು. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಜೊತೆ ಒಣಗಲು ಎರಡು ದಿನ, ಹಾಗಾಗಿ ಏಳು ಜೊತೆ ಹತ್ತಿಯವು. ಯೂನಿಫಾರ್ಮ್ ಪ್ಯಾಂಟಿಗೆ ಕೆಳಗೆ ಒಳಬದಿಗೆ ಎರಡು ಇಂಚು ಮಡಿಕೆ ಇಟ್ಟು ಹೊಲಿಸಿ, ಮಗು ಬೆಳೆದಾಗ ಬಿಚ್ಚಬಹುದು. ರೇನ್‌ಕೋಟ್‌ಗೆ ಜಿಪುಣತನ ಬೇಡ: ಒಳಹೊಲಿಗೆಗೆ ಟೇಪ್ ಇರಬೇಕು, ಬೆನ್ನ ಮೇಲಿನ ಪಾಟಿಚೀಲ ಅದರೊಳಗೆ ಹಿಡಿಸಬೇಕು.