ಕೆಲಸ ಬಿಡುವವರಿಗೆ ಪಿಎಫ್ ಪೋರ್ಟಲ್ ಹೇಗುಂಟು? ನೋಟಿಸ್ ತಿಂಗಳ ಲೆಕ್ಕದಲ್ಲಿ ಒಂದು ವಿಮರ್ಶೆ

ಕೆಲಸ ಬಿಡುವ ಮೊದಲು ನೋಟಿಸ್ ಕೊಡಬೇಕೋ ಬೇಡವೋ ಎಂಬ ಮಾತು ಮಂಗಳೂರು, ಉಡುಪಿ ಕಡೆ ಹೆಚ್ಚಾಗಿ ಮರ್ಯಾದೆಯ ವಿಷಯವಾಗಿಯೇ ಬರುತ್ತದೆ. ಸಂಬಳ ಕೊಟ್ಟ ಧಣಿಗೆ ಹೇಳದೆ ಹೋಗುವುದು ಸರಿಯಾ ಎಂದು ಒಬ್ಬರು, ಧಣಿ ತೆಗೆಯುವಾಗ ಹೇಳಿ ತೆಗೆಯುತ್ತಾರಾ ಎಂದು ಇನ್ನೊಬ್ಬರು. ಪಿಎಫ್ (ಭವಿಷ್ಯ ನಿಧಿ) ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಇಪಿಎಫ್‌ಒದ ಸದಸ್ಯರ ಪೋರ್ಟಲನ್ನು ಕೆಲಸ ಬಿಡುವವರ ಕಡೆಯಿಂದ ನೋಡಿದರೆ ಆ ಜಗಳಕ್ಕೆ ಬೇರೆಯದೇ ಉತ್ತರ ಸಿಗುತ್ತದೆ. ನೋಟಿಸ್ ತಿಂಗಳು ಧಣಿಗಿಂತ ನೌಕರರಿಗೇ ಹೆಚ್ಚು ಬೇಕಾದದ್ದು. ಕಂಪನಿಯ ಎಚ್‌ಆರ್ ಎದುರಿಗಿರುವಾಗ ಒಂದು ವಾರದಲ್ಲಿ ಮುಗಿಯುವ ತಿದ್ದುಪಡಿ, ಗೇಟು ದಾಟಿದ ಮೇಲೆ ತಿಂಗಳುಗಟ್ಟಲೆ ಎಳೆಯುತ್ತದೆ. ಅಂಕ ಕೊಡುವುದಾದರೆ, ನೋಟಿಸ್ ಅವಧಿಯಲ್ಲಿ ಬಳಸುವವರಿಗೆ ಈ ಸೇವೆ ಐದಕ್ಕೆ ನಾಲ್ಕು; ಹೇಳದೆ ಬಿಟ್ಟು ಬಂದವರಿಗೆ ಕಷ್ಟಪಟ್ಟು ಎರಡೂವರೆ.

ಮೊದಲು ನೋಡಬೇಕಾದದ್ದು ಹೆಸರು, ಪಿಎಫ್ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ತರ ಇದೆಯಾ ಎಂದು. ಕರಾವಳಿಯ ಹೆಸರುಗಳಿಗೂ ಈ ಪೋರ್ಟಲಿಗೂ ಅಷ್ಟಕ್ಕಷ್ಟೆ. ಡಿಸೋಜ ಎಂಬ ಒಂದು ಮನೆತನದ ಹೆಸರು ಇಂಗ್ಲಿಷ್ ದಾಖಲೆಗಳಲ್ಲಿ ಮೇಲೊಂದು ಚುಕ್ಕೆಯೊಂದಿಗೆ, ಚುಕ್ಕೆಯಿಲ್ಲದೆ, ಎರಡು ಪದಗಳಾಗಿ ಬಿಡಿಸಿ, ಹೀಗೆ ಮೂರು ತರ ಇರುತ್ತದೆ. ಶೆಟ್ಟಿ, ಪೂಜಾರಿಯವರದ್ದು ಇನ್ನೊಂದು ತೊಂದರೆ: ಕಂಪನಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಊರಿನ ಹೆಸರು ಪೂರ್ತಿ. ಬೀಡಿ ಕಟ್ಟುವವರ ಹಳೆಯ ಖಾತೆಗಳಲ್ಲಿ ಮದುವೆಗೆ ಮುಂಚಿನ ಹೆಸರೇ ಉಳಿದಿರುವುದುಂಟು. ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯರ ನಂಬರ್) 2017ರ ಅಕ್ಟೋಬರ್ 1ರ ನಂತರ, ಆಧಾರ್ ಆಧಾರದಲ್ಲೇ ಸಿಕ್ಕಿದ್ದಾದರೆ ಹೆಸರು, ಜನ್ಮದಿನಾಂಕ, ತಂದೆ-ತಾಯಿ ಹೆಸರು ಮುಂತಾದವನ್ನು ಸದಸ್ಯರೇ ತಿದ್ದಿಕೊಳ್ಳಬಹುದು. 2025ರ ಜನವರಿಯಲ್ಲಿ ಬಂದ ಈ ಸೌಲಭ್ಯ ನಿಜಕ್ಕೂ ಒಳ್ಳೆಯದು. ಅದಕ್ಕೂ ಹಳೆಯ ಯುಎಎನ್ ಆದರೆ ಕಂಪನಿಯ ಒಪ್ಪಿಗೆ ಬೇಕು. ರಾಜೀನಾಮೆ ಪತ್ರ ಕೊಟ್ಟ ವಾರವೇ ಈ ಅರ್ಜಿ ಹಾಕಿ ಎಚ್‌ಆರ್ ಮೇಜಿನ ಮುಂದೆ ನಿಂತರೆ ಕೆಲಸ ಆಗುತ್ತದೆ. ಬಿಟ್ಟು ಮೂರು ತಿಂಗಳಾದ ಮೇಲೆ ಫೋನ್ ಮಾಡಿದರೆ ಎತ್ತುವವರು ಯಾರು?

ಎರಡನೆಯದು ಬ್ಯಾಂಕ್. ಇದು ನಮ್ಮ ಜಿಲ್ಲೆಗಳಿಗೇ ವಿಶೇಷವಾಗಿ ಅಂಟಿಕೊಂಡ ತಲೆನೋವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ. ಇಲ್ಲಿ ಹುಟ್ಟಿದ ಈ ಬ್ಯಾಂಕುಗಳ ಹಳೆಯ ಐಎಫ್‌ಎಸ್‌ಸಿ (ಶಾಖೆಯ ಕೋಡ್) ಯುಎಎನ್‌ನಲ್ಲಿ ಹಾಗೇ ಕೂತಿದ್ದರೆ ಹಣ ಬರುವುದಿಲ್ಲ, ಅರ್ಜಿ ತಿರುಗಿ ಬರುತ್ತದೆ. ಪೋರ್ಟಲಿನ ಕೆವೈಸಿ (ಗುರುತು, ಬ್ಯಾಂಕ್ ವಿವರ) ಪುಟದಲ್ಲಿ ಹೊಸ ಕೋಡ್ ಹಾಕಿ ಒಟಿಪಿ ಕೊಟ್ಟರೆ ಸಾಕು. 2025ರ ಏಪ್ರಿಲ್‌ನಿಂದ ಬ್ಯಾಂಕ್ ಖಾತೆ ಜೋಡಣೆಗೆ ಕಂಪನಿಯ ಒಪ್ಪಿಗೆ ಬೇಡ, ಕ್ಲೇಮಿಗೆ ಚೆಕ್ ಹಾಳೆಯ ಚಿತ್ರವೂ ಬೇಡ. ಇನ್ನೂ ಚೆಕ್ ಸ್ಕ್ಯಾನ್ ಮಾಡಿ ಕೊಡಲು ದುಡ್ಡು ಕೇಳುವ ಸೈಬರ್ ಸೆಂಟರ್ ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಈಗ ಮುಖ್ಯ ವಿಷಯಕ್ಕೆ ಬರುವ: ಎಕ್ಸಿಟ್ ದಿನಾಂಕ, ಅಂದರೆ ಕೆಲಸ ಬಿಟ್ಟ ದಿನ ಎಂದು ಪಿಎಫ್ ದಾಖಲೆಯಲ್ಲಿ ಬರೆಯುವುದು. ಇದೊಂದು ತಪ್ಪಿದರೆ ಮುಂದಿನದೆಲ್ಲ ಎಡವಟ್ಟು. ಜೂನ್ 10ರಂದು ರಾಜೀನಾಮೆ ಕೊಟ್ಟು ಮೂವತ್ತು ದಿನ ಕೆಲಸ ಮಾಡಿ ಜುಲೈ 9ಕ್ಕೆ ಬಿಟ್ಟವರನ್ನು ತೆಗೆದುಕೊಳ್ಳಿ. ಜುಲೈ ತಿಂಗಳ ಒಂಬತ್ತು ದಿನದ ಸಂಬಳಕ್ಕೂ ಪಿಎಫ್ ಕಟ್ಟಬೇಕು, ಅದನ್ನು ಕಂಪನಿ ಆಗಸ್ಟ್ 15ರೊಳಗೆ ತುಂಬಬೇಕು. ಜೊತೆಯಲ್ಲೇ ಎಕ್ಸಿಟ್ ದಿನಾಂಕ ಹಾಕಿದರೆ ಮುಗಿಯಿತು. ಹಾಕದಿದ್ದರೆ ಸದಸ್ಯರೇ ಹಾಕಿಕೊಳ್ಳಬಹುದು: ಲಾಗಿನ್ ಆಗಿ ‘ಮ್ಯಾನೇಜ್’, ಅದರಲ್ಲಿ ‘ಮಾರ್ಕ್ ಎಕ್ಸಿಟ್’, ಪಿಎಫ್ ಖಾತೆ ಆರಿಸಿ, ದಿನಾಂಕ ಮತ್ತು ಕಾರಣ ತುಂಬಿ, ಆಧಾರ್ ಮೊಬೈಲಿಗೆ ಬಂದ ಒಟಿಪಿ ಕೊಡುವುದು. ಆದರೆ ಎರಡು ಕಟ್ಟು ಉಂಟು. ಕೊನೆಯ ಕಂತು ಬಿದ್ದು ಎರಡು ತಿಂಗಳು ಕಳೆದಿರಬೇಕು. ದಿನಾಂಕ ಕೊನೆಯ ಕಂತಿನ ತಿಂಗಳೊಳಗೇ ಇರಬೇಕು.

ಹೇಳದೆ ಬಿಟ್ಟವರು ಸಿಕ್ಕಿಬೀಳುವುದು ಈ ಎರಡನೇ ಕಟ್ಟಿನಲ್ಲಿ. ಮೇ ಸಂಬಳ ಕೈಗೆ ಬಂದ ಕೂಡಲೇ ಜೂನ್ 10ರಿಂದ ಬರುವುದು ನಿಲ್ಲಿಸಿದರೆ, ಸಿಟ್ಟಿನಲ್ಲಿರುವ ಕಂಪನಿ ಜೂನ್ ತಿಂಗಳ ಲೆಕ್ಕವನ್ನೇ ತಡೆದಿಡುತ್ತದೆ. ಪೋರ್ಟಲ್‌ಗೆ ಕಾಣುವುದು ಮೇ ಕಂತು ಮಾತ್ರ. ಆಗ ಮೇ 31ಕ್ಕಿಂತ ಮುಂದಿನ ದಿನಾಂಕ ಅದು ತೆಗೆದುಕೊಳ್ಳುವುದೇ ಇಲ್ಲ. ದುಡಿದ ದಿನಗಳು ದಾಖಲೆಯಿಂದ ಬಿದ್ದುಹೋಗುತ್ತವೆ, ರಿಲೀವಿಂಗ್ ಲೆಟರ್ ಬಂದರೂ ಅದರ ದಿನಾಂಕಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ. ಹೊಸ ಕಂಪನಿಗಳ ಎಚ್‌ಆರ್ ಈಗ ‘ಸರ್ವಿಸ್ ಹಿಸ್ಟರಿ’ ಪುಟದ ಸ್ಕ್ರೀನ್‌ಶಾಟ್ ಕೇಳುವುದು ಮಾಮೂಲು. ಹಳೆಯ ಕೆಲಸ ಬಿಡುವ ಮೊದಲೇ ಹೊಸದಕ್ಕೆ ಸೇರಿದವರ ದಿನಾಂಕಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಅಷ್ಟಕ್ಕೇ ಪಿಎಫ್ ವರ್ಗಾವಣೆ ಅರ್ಜಿ ತಿರಸ್ಕರಿಸಬಾರದೆಂದು ಇಪಿಎಫ್‌ಒ 2025ರಲ್ಲಿ ತನ್ನ ಕಚೇರಿಗಳಿಗೆ ಹೇಳಿದೆ, ಸರಿ. ಹೊಸ ಎಚ್‌ಆರ್‌ಗೆ ಮಾತ್ರ ವಿವರಣೆ ನೀವೇ ಕೊಡಬೇಕು.

ಇಷ್ಟು ಹೇಳಿದ ಮೇಲೆ ಧಣಿಗಳ ಬೆದರಿಕೆಯ ಬಗ್ಗೆಯೂ ಹೇಳಬೇಕು. ‘ನೋಟಿಸ್ ಕೊಡದಿದ್ದರೆ ಪಿಎಫ್ ಸಿಗುವುದಿಲ್ಲ’ ಎಂಬುದು ಶುದ್ಧ ಸುಳ್ಳು. ಖಾತೆಯಲ್ಲಿರುವ ಹಣವನ್ನು ಯಾವ ಸಾಲಕ್ಕೂ ಜಪ್ತಿ ಮಾಡುವಂತಿಲ್ಲ, ನೋಟಿಸ್ ಪೇ (ನೋಟಿಸ್ ಬದಲಿಗೆ ಕಂಪನಿ ಕೇಳುವ ಹಣ) ಅದರಿಂದ ಮುರಿದುಕೊಳ್ಳುವ ಪ್ರಶ್ನೆಯೇ ಇಲ್ಲ. ನೋಟಿಸ್ ಕೊಡಲಿಲ್ಲ ಎಂಬ ಕಾರಣಕ್ಕೆ ಗ್ರಾಚುಯಿಟಿ ತಡೆಯುವುದಕ್ಕೂ ಕಾನೂನಿನಲ್ಲಿ ಜಾಗವಿಲ್ಲ. ಕರಾರಿನಲ್ಲಿ ಬರೆದಷ್ಟು ನೋಟಿಸ್ ಪೇ ಕೊನೆಯ ಲೆಕ್ಕದಲ್ಲಿ ಕೇಳಬಹುದು, ಅಷ್ಟೆ. ಬಲವಂತವಾಗಿ ದುಡಿಸಿಕೊಳ್ಳಲು ಯಾವ ಕೋರ್ಟೂ ಆದೇಶ ಕೊಡುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಕೈಸೇರಬೇಕು. ನಲವತ್ತೈದು ದಿನ ಕಾಯಿರಿ ಎನ್ನುವ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ, ಕೇಳಿ ಪಡೆಯಬೇಕು.

ಪೋರ್ಟಲಿಗೆ ಆಗದ ಕೆಲಸವೂ ಉಂಟು. ಗಲ್ಫಿಗೆ ಹೊರಟ ನರ್ಸುಗಳಿಗೆ ಬೇಕಾಗುವುದು ಆಸ್ಪತ್ರೆಯ ಅನುಭವ ಪತ್ರ: ಹುದ್ದೆ, ವಾರ್ಡು, ಸೇರಿದ ಮತ್ತು ಬಿಟ್ಟ ದಿನಾಂಕ, ಸಹಿ, ಸೀಲು. ಅಲ್ಲಿಯ ಪರಿಶೀಲಕರು ಇಲ್ಲಿಯ ಆಸ್ಪತ್ರೆಯನ್ನೇ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಯುಎಎನ್ ಮುದ್ರಿಸಿ ಕೊಟ್ಟರೆ ನಡೆಯುವುದಿಲ್ಲ. ಜಗಳವಾಡಿ ಬಂದವರಿಗೆ ಇದೊಂದು ಕಾಗದ ಸಿಗುವುದೇ ದುಸ್ತರ.

ದುಡ್ಡು ತೆಗೆಯುವುದಾ, ವರ್ಗಾಯಿಸುವುದಾ? ಬೇರೆ ಕೆಲಸ ಸಿಕ್ಕಿದ್ದರೆ ವರ್ಗಾಯಿಸಿ. ಐದು ವರ್ಷದ ನಿರಂತರ ಸೇವೆ ತುಂಬುವ ಮೊದಲು ₹50,000 ಅಥವಾ ಹೆಚ್ಚು ತೆಗೆದರೆ ಪ್ಯಾನ್ ಇದ್ದವರಿಗೆ ಶೇ 10 ಟಿಡಿಎಸ್, ಅಂದರೆ ತೆರಿಗೆಯೆಂದು ಮೊದಲೇ ಮುರಿತ. ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಬಿಟ್ಟ ಎರಡು ತಿಂಗಳಿಗೆ ಪೂರ್ತಿ ಹಣ ಎಂಬ ಹಳೆಯ ಲೆಕ್ಕವನ್ನು ನೆಚ್ಚಿಕೊಂಡು ಯಾರೂ ರಾಜೀನಾಮೆ ಬರೆಯಬೇಡಿ. ಅದನ್ನು ಹನ್ನೆರಡು ತಿಂಗಳಿಗೆ, ಪಿಂಚಣಿ ಭಾಗವನ್ನು ಮೂವತ್ತಾರು ತಿಂಗಳಿಗೆ ಏರಿಸಲು ಇಪಿಎಫ್‌ಒ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದೆ.

ಸರ್ವರ್ ವಿಷಯದಲ್ಲಿ ಹೆಚ್ಚು ಹೇಳುವುದು ಬೇಡ. ಹಗಲು ಒಟಿಪಿ ಬಾರದಿದ್ದರೆ ರಾತ್ರಿ ಅಥವಾ ಬೆಳಿಗ್ಗೆ ಬೇಗ ನೋಡಿ. ಆಧಾರ್‌ಗೆ ಜೋಡಿಸಿದ ನಂಬರ್ ಕಂಪನಿ ಕೊಟ್ಟ ಸಿಮ್ ಆಗಿದ್ದರೆ, ಸಿಮ್ ವಾಪಸ್ ಕೊಡುವ ಮೊದಲೇ ಬದಲಾಯಿಸಿ.

ಕಚೇರಿಗೇ ಹೋಗಿ ಕೇಳುವ ಎಂದು ಹೊರಡುವವರು ಮೆಂಬರ್ ಐಡಿಯ (ಆ ಕಂಪನಿಯ ಪಿಎಫ್ ಖಾತೆ ನಂಬರಿನ) ಮೊದಲ ಐದು ಅಕ್ಷರ ನೋಡಿಕೊಂಡು ಹೊರಡಿ. ಯಾವ ಕಚೇರಿಯ ಖಾತೆ ಎಂದು ಹೇಳುವುದು ಅದೇ; ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ. ಮಂಗಳೂರಿಗೆ ಹೈಲ್ಯಾಂಡ್ಸ್‌ನ ಸಿಲ್ವ ರಸ್ತೆಯಲ್ಲಿ, ಉಡುಪಿಗೆ ಉಡುಪಿಯಲ್ಲೇ ಬೇರೆ ಕಚೇರಿ ಉಂಟು. ಆದರೆ ಕೊಟ್ಟಾರದಲ್ಲಿ ಕೂತು ಕೆಲಸ ಮಾಡಿದರೂ ಕಂಪನಿಯ ಕೋಡ್ ಬೆಂಗಳೂರಿನದ್ದಾದರೆ ಕಡತ ಇರುವುದು ಅಲ್ಲಿಯೇ. ಅಂಥವರು ದೂರು ಪೋರ್ಟಲಿನಲ್ಲಿ ಬರೆಯುವುದೇ ಒಳ್ಳೆಯದು. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಹೋಗುವವರು ರಾಜೀನಾಮೆ ಪತ್ರದ ಸ್ವೀಕೃತಿ ಪ್ರತಿ, ಕೊನೆಯ ಎರಡು ಪೇಸ್ಲಿಪ್ ಜೊತೆಗಿಟ್ಟುಕೊಳ್ಳಿ. ಸ್ವೀಕೃತಿಗೆ ಸಹಿ ಹಾಕಲು ಒಪ್ಪದ ಕಡೆ, ರಾಜೀನಾಮೆಯನ್ನು ಸ್ವಂತ ಇಮೇಲ್‌ಗೂ ಒಂದು ಪ್ರತಿ ಹೋಗುವಂತೆ ಕಳಿಸಿದ್ದರೆ ಅದರ ಪ್ರಿಂಟ್ ಸಾಕು.