ಪೇಟೆ ನಡುವಿನ ಪಾರ್ಕಿಂಗಿನಲ್ಲಿ ಕಾರು ಚಾರ್ಜಿಗೆ ಹಾಕುವ ಮುನ್ನ

ಎರಡು ತಿಂಗಳ ಹಿಂದೆ ಬೆಂಗಳೂರಿನ ನಗರ ಮಧ್ಯದ ಒಂದು ಬಹುಮಹಡಿ ಪಾರ್ಕಿಂಗಿನಲ್ಲಿ ನನ್ನ ವಿದ್ಯುತ್ ಕಾರನ್ನು ಆರು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿದ್ದೆ. ಅಲ್ಲಿ ಕಾರಿಗೆ ಸಿಕ್ಕಿದ್ದು 4.2 ಯೂನಿಟ್ ವಿದ್ಯುತ್ತು, ನಾನು ಕೊಟ್ಟಿದ್ದು ಒಟ್ಟು 884 ರೂಪಾಯಿ 81 ಪೈಸೆ. ಅಷ್ಟೇ ವಿದ್ಯುತ್ತಿಗೆ ಹಾಸನದ ನಮ್ಮ ಮನೆಯ ಮೀಟರಿನಲ್ಲಿ ಆಗುವ ಖರ್ಚು ಮೂವತ್ತು ರೂಪಾಯಿಯ ಆಸುಪಾಸು. ಹಣ ಹೋಗಿದ್ದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ: ಕಣ್ಣಿನ ತಪಾಸಣೆ ಮುಗಿಸಿಕೊಂಡು ಬಂದಿದ್ದ ಎಪ್ಪತ್ತು ದಾಟಿದ ನಮ್ಮಮ್ಮ ಆ ನೆಲಮಾಳಿಗೆಯಲ್ಲಿ ಒಂದು ಗಂಟೆ ಕಾಯಬೇಕಾಯಿತು, ಆ ಗಂಟೆಯಲ್ಲಿ ಅಲ್ಲಿದ್ದ ಯಾರೊಬ್ಬರೂ ಇದು ತಮ್ಮ ಹೊಣೆ ಎಂದು ಒಪ್ಪಿಕೊಳ್ಳಲಿಲ್ಲ. ಜಿಲ್ಲೆಗಳಿಂದ ವಿದ್ಯುತ್ ಕಾರಿನಲ್ಲಿ ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸುವಷ್ಟರಲ್ಲಿ ಕಾರೂ ಚಾರ್ಜ್ ಆಗಿರುತ್ತದೆ ಎಂದು ಲೆಕ್ಕ ಹಾಕುವವರು ನನ್ನಂತೆ ಹಲವರಿದ್ದಾರೆ. ಅವರಿಗಾಗಿ ನಡೆದುದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನನ್ನ ಕಾರಿನ ಬ್ಯಾಟರಿ 40.5 ಯೂನಿಟ್ಟಿನದು (ಒಂದು ಕಿಲೋವ್ಯಾಟಿನಂತೆ ಒಂದು ಗಂಟೆ ತುಂಬಿಸಿದರೆ ಒಂದು ಯೂನಿಟ್). ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಬೆಳಿಗ್ಗೆ ತುಂಬಿಸಿಕೊಂಡು ಹೊರಟ ಕಾರು ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ನಗರದ ದಟ್ಟಣೆಯನ್ನೂ ಸೀಳಿಕೊಂಡು ಆಸ್ಪತ್ರೆಯ ಹತ್ತಿರ ಬಂದಾಗ ಶೇ. 31ರಷ್ಟು ಉಳಿದಿತ್ತು. ಸಂಜೆ ನಿಶ್ಚಿಂತೆಯಿಂದ ಮನೆ ಸೇರಲು ಶೇ. 85ರವರೆಗೆ ತುಂಬಿಸಬೇಕು. ಚಾರ್ಜಿಂಗಿನಲ್ಲಿ ಸ್ವಲ್ಪ ವಿದ್ಯುತ್ತು ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿದರೆ ಅದಕ್ಕೆ 24 ಯೂನಿಟ್ ಬೇಕು. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಆ ಪಾರ್ಕಿಂಗಿನ ಬಾಗಿಲಲ್ಲೇ '7.4 ಕಿಲೋವ್ಯಾಟ್ ಚಾರ್ಜಿಂಗ್ ಸೌಲಭ್ಯವಿದೆ, ಯೂನಿಟ್ಟಿಗೆ 18 ರೂಪಾಯಿ' ಎಂಬ ಫಲಕವಿತ್ತು. ನನ್ನ ಕಾರಿನೊಳಗಿನ ಚಾರ್ಜರ್ 7.2 ಕಿಲೋವ್ಯಾಟ್ ತೆಗೆದುಕೊಳ್ಳಬಲ್ಲದು, ಆದ್ದರಿಂದ ಮೂರೂವರೆ ಗಂಟೆ ಸಾಕು, ಎರಡು ಗಂಟೆಗೆಲ್ಲ ಹೊರಡಬಹುದು ಎಂದುಕೊಂಡೆ. (ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಮಾದರಿಯ ಹಲವು ಕಾರುಗಳ ಒಳಗಿನ ಚಾರ್ಜರ್ 3.3 ಕಿಲೋವ್ಯಾಟಿನದೇ. ಅಂಥ ಕಾರನ್ನು ಎಷ್ಟೇ ದೊಡ್ಡ ಎಸಿ ಯಂತ್ರಕ್ಕೆ, ಅಂದರೆ ಮನೆಗೆ ಬರುವಂಥ ವಿದ್ಯುತ್ತನ್ನೇ ಕಾರಿಗೆ ಕೊಡುವ ಚಾರ್ಜಿಂಗ್ ಯಂತ್ರಕ್ಕೆ, ಸಿಕ್ಕಿಸಿದರೂ ಅದು ಅದಕ್ಕಿಂತ ಹೆಚ್ಚು ಎಳೆಯುವುದಿಲ್ಲ. ನಿಮ್ಮ ಕಾರಿನ ಮಿತಿ ಎಷ್ಟು ಎಂಬುದನ್ನು ಮೊದಲು ತಿಳಿದುಕೊಳ್ಳಿ.)

ಗೇಟಿನಲ್ಲಿ ಚೀಟಿ ತೆಗೆದುಕೊಂಡಾಗ 10 ಗಂಟೆ 10 ನಿಮಿಷ. ಮೊದಲ ಗಂಟೆಗೆ 60 ರೂಪಾಯಿ, ಆಮೇಲಿನ ಪ್ರತಿ ಗಂಟೆಗೆ 40. ಚಾರ್ಜಿಂಗ್ ಯಂತ್ರಗಳಿದ್ದದ್ದು ಎರಡನೆಯ ನೆಲಮಾಳಿಗೆಯಲ್ಲಿ. ನಾಲ್ಕು ಯಂತ್ರಗಳ ಪೈಕಿ ಎರಡರ ಮುಂದೆ ಪೆಟ್ರೋಲ್ ಕಾರುಗಳು ನಿಂತಿದ್ದವು, ಮೂರನೆಯದರಲ್ಲಿ ಒಂದು ವಿದ್ಯುತ್ ಕಾರು ಚಾರ್ಜ್ ಆಗುತ್ತಿತ್ತು, ನಾಲ್ಕನೆಯದು ನಮ್ಮ ಪಾಲಿಗೆ ಸಿಕ್ಕಿತು. ಗನ್ (ಚಾರ್ಜಿಂಗ್ ಕೇಬಲಿನ ತುದಿಯ ಹಿಡಿ) ಕಾರಿಗೆ ಸಿಕ್ಕಿಸಿ, ಚಾರ್ಜಿಂಗ್ ಕಂಪನಿಯ ಆ್ಯಪ್ ಹಾಕಿಕೊಳ್ಳಲು ಹೋದರೆ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಅಲ್ಲಿದ್ದ ಹುಡುಗ, 'ಮೇಡಂ, ಇಲ್ಲಿ ಸಿಗಲ್ಲ, ರ್‍ಯಾಂಪ್ ಹತ್ರ ಹೋಗಿ' ಎಂದ. ಅಮ್ಮನನ್ನು ಕಾರಿನಲ್ಲೇ ಕೂರಿಸಿ, ಮೇಲಕ್ಕೆ ಹತ್ತಿಹೋಗಿ ಆ್ಯಪ್ ಹಾಕಿಕೊಂಡು, ಕನಿಷ್ಠ 500 ರೂಪಾಯಿ ವಾಲೆಟ್ಟಿಗೆ ತುಂಬಿಸಿ, ಯಂತ್ರದ ಸಂಖ್ಯೆ ಒತ್ತಿ ಚಾಲೂ ಮಾಡಿದೆ. 'ಚಾರ್ಜಿಂಗ್ ಆರಂಭವಾಗಿದೆ' ಎಂಬ ಸಂದೇಶ ಬಂದಾಗ 10 ಗಂಟೆ 28 ನಿಮಿಷ. ಅಷ್ಟನ್ನು ನೋಡಿ, ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ನಡೆದೆ. ಕೆಳಗಿಳಿದು ಹೋಗಿದ್ದಾಗ ಕಾರಿನ ಪರದೆಯಲ್ಲಿ ಎಷ್ಟು ಕಿಲೋವ್ಯಾಟ್ ಬರುತ್ತಿದೆ ಎಂದು ಒಮ್ಮೆ ನೋಡಿದ್ದರೆ ಈ ಕಥೆಯ ಅರ್ಧ ಅಲ್ಲಿಯೇ ಮುಗಿಯುತ್ತಿತ್ತು.

ಏಕೆಂದರೆ ಬರುತ್ತಿದ್ದದ್ದು 7.4 ಅಲ್ಲ, 3.4 ಕಿಲೋವ್ಯಾಟ್. ಇದು ಯಂತ್ರದ ಕೆಡುಕಲ್ಲ, ಅದರ ಏರ್ಪಾಡೇ ಹಾಗೆ. ಯಂತ್ರವು ಕಾರಿಗೆ 'ನೀನು ಇಷ್ಟು ಆಂಪಿಯರ್ ಎಳೆಯಬಹುದು' ಎಂಬ ಸೂಚನೆಯನ್ನು ಕೇಬಲಿನೊಳಗಿನ ಪ್ರತ್ಯೇಕ ತಂತಿಯ ಮೂಲಕ ಕೊಡುತ್ತದೆ, ಕಾರು ಅದನ್ನು ಮೀರುವುದಿಲ್ಲ. 230 ವೋಲ್ಟಿನಲ್ಲಿ 32 ಆಂಪಿಯರ್ ಕೊಟ್ಟರೆ ಮಾತ್ರ 7.4 ಕಿಲೋವ್ಯಾಟ್ ಆಗುತ್ತದೆ. ಕಟ್ಟಡಕ್ಕೆ ಮಂಜೂರಾದ ವಿದ್ಯುತ್ ಹೊರೆ ಕಡಿಮೆಯಿದ್ದರೆ, ಎರಡು ಕಾರುಗಳು ಒಟ್ಟಿಗೆ ನಿಂತ ಕೂಡಲೇ ಹಂಚಿಕೆಯ ವ್ಯವಸ್ಥೆ ತಲಾ 16 ಆಂಪಿಯರಿಗೆ ಇಳಿಸುತ್ತದೆ. ಜೊತೆಗೆ ವೋಲ್ಟೇಜು 215ಕ್ಕೆ ಕುಸಿದಿದ್ದರೆ ಸಿಗುವುದು 3.4 ಕಿಲೋವ್ಯಾಟ್ ಅಷ್ಟೇ. ಹೊರೆಯನ್ನು ಹಂಚುವುದು ತಪ್ಪಲ್ಲ, ಸುರಕ್ಷತೆಗೆ ಅದು ಬೇಕು. ಆದರೆ ಹಂಚಿದಾಗ ಎಷ್ಟು ಸಿಗುತ್ತದೆ ಎಂಬುದನ್ನು ಮರೆಮಾಡಿ, ಯಾರೂ ಇಲ್ಲದ ಹೊತ್ತಿನಲ್ಲಿ ಸಿಗುವ ಅಂಕಿಯನ್ನಷ್ಟೇ ಬಾಗಿಲಿಗೆ ಬರೆದು ಹಾಕುವುದು ನನ್ನ ದೃಷ್ಟಿಯಲ್ಲಿ ಗ್ರಾಹಕರಿಗೆ ಮಾಡುವ ಮೋಸವೇ. ನನಗೆ ಬೇಕಿದ್ದ 24 ಯೂನಿಟ್ ಆ ವೇಗದಲ್ಲಿ ತುಂಬಲು ಏಳು ಗಂಟೆ ಬೇಕಾಗುತ್ತಿತ್ತು, ಆ ಏಳು ಗಂಟೆಗೂ ಪಾರ್ಕಿಂಗ್ ಹಣ ಕೊಡಬೇಕಾಗುತ್ತಿತ್ತು. ನಿಧಾನವಾಗಿ ಚಾರ್ಜ್ ಆದಷ್ಟೂ ಪಾರ್ಕಿಂಗಿನವರಿಗೆ ಲಾಭ ಎಂಬುದು ನನಗೆ ಹೊಳೆದದ್ದು ತಡವಾಗಿ.

11 ಗಂಟೆ 42 ನಿಮಿಷಕ್ಕೆ ಆ ಪ್ರದೇಶದಲ್ಲಿ ಕರೆಂಟು ಹೋಯಿತು. ಕಟ್ಟಡದ ಜನರೇಟರ್ ಚಾಲೂ ಆಗಿ ದೀಪಗಳು, ಲಿಫ್ಟು, ಗೇಟು ನಡೆದವು. ಚಾರ್ಜಿಂಗ್ ಯಂತ್ರಗಳನ್ನು ಮಾತ್ರ ಜನರೇಟರಿಗೆ ಜೋಡಿಸಿರಲಿಲ್ಲ, ಅದು ಸಹಜವೇ. ಇಪ್ಪತ್ತು ನಿಮಿಷದಲ್ಲಿ ಕರೆಂಟು ಮರಳಿ ಬಂದಿತಂತೆ. ಆದರೆ ಒಮ್ಮೆ ಕಡಿದುಹೋದ ಚಾರ್ಜಿಂಗನ್ನು ಆ ಯಂತ್ರ ತಾನಾಗಿ ಮುಂದುವರಿಸಲಿಲ್ಲ, ಆ್ಯಪಿನಿಂದ ಹೊಸದಾಗಿ ಆರಂಭಿಸಬೇಕಿತ್ತು. ಅಂದರೆ ಯಂತ್ರದ ಲೆಕ್ಕದಲ್ಲಿ ನನ್ನ ಚಾರ್ಜಿಂಗ್ 11.42ಕ್ಕೆ 'ಮುಗಿದಿತ್ತು', ಗನ್ ಮಾತ್ರ ಕಾರಿನಲ್ಲೇ ಸಿಕ್ಕಿಕೊಂಡಿತ್ತು. ಚಾರ್ಜ್ ಮುಗಿದ ಮೇಲೂ ಜಾಗ ಹಿಡಿದಿಟ್ಟುಕೊಂಡವರಿಗೆ ಹಾಕುವ ತಂಗುದಂಡ ನನ್ನ ಮೇಲೆ ಓಡತೊಡಗಿದ್ದು ಆಗಿನಿಂದ. ಹತ್ತು ನಿಮಿಷ ವಿನಾಯಿತಿ, ಆಮೇಲೆ ನಿಮಿಷಕ್ಕೆ 2 ರೂಪಾಯಿ.

ಬೇರೆಯವರಿಗೆ ಜಾಗ ಬಿಟ್ಟುಕೊಡಲಿ ಎಂದು ದಂಡವಿಡುವುದನ್ನು ನಾನು ಒಪ್ಪುತ್ತೇನೆ. ತುಂಬಿದ ಕಾರನ್ನು ತೆಗೆಯದೆ ಗಂಟೆಗಟ್ಟಲೆ ನಿಲ್ಲಿಸಿ ಹೋಗುವವರಿಂದ ನಾನೂ ಕಾದು ಬಳಲಿದ್ದೇನೆ. ಆದರೆ ತುಂಬಿದ್ದಕ್ಕೂ ತುಂಡಾದದ್ದಕ್ಕೂ ವ್ಯತ್ಯಾಸವಿಲ್ಲವೇ? ಈ ದಂಡದ ವಿಷಯ ಬಾಗಿಲ ಫಲಕದಲ್ಲಿಯೂ ಇರಲಿಲ್ಲ, ಯಂತ್ರದ ಮೇಲೆಯೂ ಇರಲಿಲ್ಲ. ಆ್ಯಪಿನೊಳಗೆ ನಿಬಂಧನೆಗಳ ಪುಟವನ್ನು ಬಿಡಿಸಿ ಕೆಳಗಿನವರೆಗೂ ಹೋದರೆ ಮಾತ್ರ ಕಾಣುತ್ತಿತ್ತು. ವೈದ್ಯರ ಕೋಣೆಯಲ್ಲಿ ಮೊಬೈಲ್ ಸದ್ದಡಗಿಸಿದ್ದೆ. ಒಂದೂಕಾಲು ಗಂಟೆಯ ಹೊತ್ತಿಗೆ ನೋಡಿದಾಗ 'ನಿಮ್ಮ ಸೆಷನ್ ಪೂರ್ಣಗೊಂಡಿದೆ' ಎಂಬ ಒಂದು ಸಾಲು ಬಂದಿತ್ತು. ಕರೆಂಟು ಹೋಯಿತೆಂದಾಗಲಿ, ಹಣ ಓಡುತ್ತಿದೆಯೆಂದಾಗಲಿ ಅದರಲ್ಲಿರಲಿಲ್ಲ. ಕಣ್ಣಿಗೆ ಹನಿ ಹಾಕಿಸಿಕೊಂಡು ಎದುರಿನದು ಸರಿಯಾಗಿ ಕಾಣದೆ ನನ್ನ ಕೈ ಹಿಡಿದು ಕುಳಿತಿದ್ದ ಅಮ್ಮನನ್ನು ಒಂಟಿಯಾಗಿ ಬಿಟ್ಟು ಓಡುವಂತೆಯೂ ಇರಲಿಲ್ಲ.

ಕಾರಿನ ಬಳಿ ಬಂದು ಗನ್ ತೆಗೆದಾಗ 3 ಗಂಟೆ 22 ನಿಮಿಷ. ಬ್ಯಾಟರಿ ಶೇ. 40. ಆ್ಯಪಿನ ಬಿಲ್ಲಿನಲ್ಲಿ ವಿದ್ಯುತ್ತಿಗೆ 75 ರೂಪಾಯಿ 60 ಪೈಸೆ, 210 ನಿಮಿಷಗಳ ತಂಗುದಂಡ 420 ರೂಪಾಯಿ, ಎರಡರ ಮೇಲೂ ಶೇ. 18 ಜಿಎಸ್‌ಟಿ, ಒಟ್ಟು 584 ರೂಪಾಯಿ 81 ಪೈಸೆ. ವಾಲೆಟ್ಟಿನಲ್ಲಿದ್ದ 500 ರೂಪಾಯಿ ಮುಗಿದು 84 ರೂಪಾಯಿ 81 ಪೈಸೆ ಬಾಕಿ ತೋರಿಸುತ್ತಿತ್ತು, ಆ ಬಾಕಿ ಕಟ್ಟುವವರೆಗೂ ಮತ್ತೆ ಚಾರ್ಜಿಂಗ್ ಆರಂಭಿಸಲು ಆ್ಯಪ್ ಬಿಡಲಿಲ್ಲ.

ತೆರಿಗೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಫಲಕದ ದರವನ್ನೇ ಪೂರ್ಣ ದರವೆಂದು ನಂಬುವವರು ಹೆಚ್ಚು. ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಒಂದು ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆಯ ಪರವಾನಗಿ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ನಮ್ಮ ಹಾಸನಕ್ಕೂ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಕೇಳಿದ ಪ್ರಶ್ನೆಗೆ ಉತ್ತರವಾಗಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ, ಇದು ಸೇವೆಯಾದ್ದರಿಂದ ಶೇ. 18 ತೆರಿಗೆ ಬೀಳುತ್ತದೆ ಎಂದಿತು. ಹಾಗಾಗಿ ಫಲಕದ 18 ರೂಪಾಯಿ ಎಂದರೆ ನಿಜದಲ್ಲಿ 21 ರೂಪಾಯಿ 24 ಪೈಸೆ. ತೆರಿಗೆ ಕಟ್ಟಲು ನನ್ನ ತಕರಾರಿಲ್ಲ, ಫಲಕದಲ್ಲಿ ಅದನ್ನು ಸೇರಿಸಿ ಬರೆಯಲು ಇವರಿಗಿರುವ ತೊಂದರೆಯೇನು ಎಂಬುದು ನನ್ನ ಪ್ರಶ್ನೆ.

ಆ ಮುಂದಿನ ಒಂದು ಗಂಟೆಯಲ್ಲಿ ನಾನು ಕಲಿತದ್ದೇ ಈ ಬರಹದ ಮುಖ್ಯ ವಿಷಯ. ಪಾರ್ಕಿಂಗನ್ನು ಗುತ್ತಿಗೆಗೆ ಹಿಡಿದವರು ಒಬ್ಬರು, ಯಂತ್ರಗಳನ್ನು ಕೂರಿಸಿ ಆ್ಯಪ್ ನಡೆಸುವವರು ಇನ್ನೊಬ್ಬರು, ಕರೆಂಟಿನ ಸಂಪರ್ಕ ಇರುವುದು ಕಟ್ಟಡದ ಮಾಲೀಕರ ಹೆಸರಿನಲ್ಲಿ. ಗೇಟಿನ ಮೇಲ್ವಿಚಾರಕರು, 'ಚಾರ್ಜಿಂಗ್ ನಮ್ದಲ್ಲ ಮೇಡಂ, ಕಂಪನಿಯವರದು, ನಮ್ಗೆ ಗಾಡಿ ನಿಲ್ಸಿದ್ದಕ್ಕೆ ದುಡ್ಡು' ಎಂದರು. ಸಹಾಯವಾಣಿಗೆ ಮೂರು ಸಲ ಕರೆ ಮಾಡಿದ ಮೇಲೆ ಸಿಕ್ಕ ಹುಡುಗಿ ಬಹಳ ಸೌಜನ್ಯದಿಂದ, ವಿದ್ಯುತ್ ವ್ಯತ್ಯಯ ಸ್ಥಳದವರ ಹೊಣೆ, ತಂಗುದಂಡ ವ್ಯವಸ್ಥೆ ತಾನಾಗಿ ಹಾಕಿದ್ದು, ತಾನು ತೆಗೆಯಲಾಗದು ಎಂದಳು. ಕಟ್ಟಡದ ಕಚೇರಿಯಲ್ಲಿ ಊಟದ ವಿರಾಮ ಮುಗಿದಿರಲಿಲ್ಲ. ಈ ಇಬ್ಬರ ಮೇಲೂ ನನಗೆ ಕೋಪವಿಲ್ಲ, ಸಂಬಳಕ್ಕೆ ದುಡಿಯುವ ಅವರ ಕೈಯಲ್ಲಿ ಏನೂ ಇರಲಿಲ್ಲ. ಮೂರು ಕಡೆಯವರೂ ಒಂದೇ ಕಾರಿನಿಂದ ಹಣ ಪಡೆಯುವಂತೆ ಒಪ್ಪಂದ ಮಾಡಿಕೊಂಡು, ಕೆಟ್ಟಾಗ ಯಾರು ಉತ್ತರ ಕೊಡಬೇಕೆಂಬುದನ್ನು ಒಪ್ಪಂದದಿಂದ ಹೊರಗಿಟ್ಟವರ ಮೇಲೆ ನನ್ನ ಕೋಪ. ಕೊನೆಗೆ ಗೇಟಿಗೆ ಬಂದಾಗ 4 ಗಂಟೆ 20 ನಿಮಿಷ, ಆರು ಗಂಟೆಯ ಮೇಲೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಪೂರ್ತಿ ಏಳನೆಯ ಗಂಟೆಯ ಲೆಕ್ಕ ಹಿಡಿದು 300 ರೂಪಾಯಿ ತೆಗೆದುಕೊಂಡರು.

ಶೇ. 40ರಲ್ಲಿ ಹಾಸನ ಮುಟ್ಟಲಾಗದು. ಕುಣಿಗಲ್ಲಿನ ಹತ್ತಿರ ಹೆದ್ದಾರಿಯ ಡಿಸಿ ಯಂತ್ರದಲ್ಲಿ (ಬ್ಯಾಟರಿಗೇ ನೇರವಾಗಿ ವಿದ್ಯುತ್ತು ಕೊಡುವ ವೇಗದ ಚಾರ್ಜರ್), ನಮಗಿಂತ ಮೊದಲು ಬಂದಿದ್ದ ಎರಡು ಕಾರುಗಳ ಹಿಂದೆ ಕಾದು, ಮುಕ್ಕಾಲು ಗಂಟೆಯಲ್ಲಿ ಬೇಕಾದಷ್ಟು ತುಂಬಿಸಿಕೊಂಡು ಮನೆ ಸೇರಿದಾಗ ರಾತ್ರಿ ಹನ್ನೊಂದು.

ಈಗ ನಾನು ಬೆಂಗಳೂರಿಗೆ ಹೋಗುವುದಾದರೆ ನಗರ ಪ್ರವೇಶಿಸುವ ಮುನ್ನವೇ, ಕುಣಿಗಲ್ ಅಥವಾ ನೆಲಮಂಗಲದ ಆಸುಪಾಸಿನಲ್ಲಿ, ಹೋಗಿ ಬರುವಷ್ಟನ್ನು ಡಿಸಿ ಯಂತ್ರದಲ್ಲಿ ತುಂಬಿಸಿಕೊಳ್ಳುತ್ತೇನೆ. ಶೇ. 80 ದಾಟಿದ ಮೇಲೆ ಅಲ್ಲಿಯೂ ವೇಗ ತಗ್ಗುವುದರಿಂದ ಅಷ್ಟಕ್ಕೇ ನಿಲ್ಲಿಸುತ್ತೇನೆ. ಪೇಟೆಯ ಪಾರ್ಕಿಂಗಿನಲ್ಲಿ ಸಿಗುವ ಚಾರ್ಜಿಂಗ್ ಸಿಕ್ಕರೆ ಸಿಕ್ಕಿತು ಎಂಬಂತಿರಬೇಕೇ ಹೊರತು ಅದನ್ನೇ ನೆಚ್ಚಿ ಮನೆಯಿಂದ ಹೊರಡಬಾರದು. ಅನಿವಾರ್ಯವಾದರೆ ಗನ್ ಸಿಕ್ಕಿಸಿದ ಮೇಲೆ ಐದು ನಿಮಿಷ ಕಾರಿನಲ್ಲೇ ಕುಳಿತು ಪರದೆಯಲ್ಲಿ ಬರುತ್ತಿರುವ ಕಿಲೋವ್ಯಾಟ್ ನೋಡಿ, ಫಲಕ, ಯಂತ್ರ, ಕಾರಿನ ಪರದೆ ಮೂರರ ಫೋಟೋ ತೆಗೆದುಕೊಳ್ಳಿ. ಕರೆಂಟು ಹೋದರೆ ಚಾರ್ಜಿಂಗ್ ತಾನಾಗಿ ಮುಂದುವರಿಯುತ್ತದೆಯೇ, ತಂಗುದಂಡ ಎಷ್ಟು, ಯಾವಾಗಿನಿಂದ ಎಂದು ಕೇಳಿ. ಅಲ್ಲಿರುವವರಿಗೆ ಗೊತ್ತಿಲ್ಲದಿದ್ದರೆ ಗನ್ ತೆಗೆದು ಬಿಡುವುದೇ ಲೇಸು. ಕಾರನ್ನು ಆಚೀಚೆ ಸರಿಸಬೇಕೆಂದು ಕೀಲಿ ಕೇಳುವ ಪಾರ್ಕಿಂಗಿನಲ್ಲಂತೂ ಚಾರ್ಜಿಗೆ ಹಾಕಲೇಬೇಡಿ. ಹಲವು ಕಾರುಗಳಲ್ಲಿ ಕೀಲಿಯ ಗುಂಡಿ ಒತ್ತಿ ಬಾಗಿಲು ತೆರೆದ ಕೂಡಲೇ ಗನ್ನಿನ ಬೀಗವೂ ಬಿಟ್ಟು ಚಾರ್ಜಿಂಗ್ ನಿಂತುಹೋಗುತ್ತದೆ.

ಹಣ ಕಳೆದುಕೊಂಡವರು ಸುಮ್ಮನಾಗಬೇಡಿ. ನಾನು ಮರುದಿನವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಚೀಟಿ, ಬಿಲ್ಲು, ಚಾರ್ಜಿಂಗ್ ನಿಂತ ಸಮಯದ ವಿವರ ಕೊಟ್ಟು ದೂರು ದಾಖಲಿಸಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನನ್ನ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಹತ್ತೊಂಬತ್ತನೆಯ ದಿನ ಚಾರ್ಜಿಂಗ್ ಕಂಪನಿಯವರು ತಂಗುದಂಡವನ್ನು ಅದರ ತೆರಿಗೆಸಹಿತ, 495 ರೂಪಾಯಿ 60 ಪೈಸೆ, ಮರಳಿಸಿದರು. ಆದರೆ ಬ್ಯಾಂಕಿಗಲ್ಲ, ಅದೇ ವಾಲೆಟ್ಟಿಗೆ, ಅವರದೇ ಯಂತ್ರಗಳಲ್ಲಿ ಮಾತ್ರ ಖರ್ಚು ಮಾಡುವಂತೆ. ಅದನ್ನು ನನ್ನ ಖಾತೆಗೆ ಹಾಕಬೇಕೆಂದು ಎರಡನೆಯ ದೂರು ಕೊಟ್ಟಿದ್ದೇನೆ. ಪಾರ್ಕಿಂಗಿನವರಿಂದ ಈವರೆಗೆ ಒಂದು ಸಾಲಿನ ಉತ್ತರವೂ ಬಂದಿಲ್ಲ.